ಶೆವರ್ಲೆ ಸೇಲ್ ಹೀಟ್ ಆಗುತ್ತಿದೆಯೇ? ಥರ್ಮೋಸ್ಟಾಟ್ ಕಿತ್ತುಹಾಕುವ ಮೊದಲು ನೋಡಬೇಕಾದ್ದು

ಹತ್ತು ವರ್ಷ ದಾಟಿದ ಕಾರು ಯಾವುದೇ ಆಗಲಿ, ಒಂದಲ್ಲ ಒಂದು ದಿನ ಬಿಸಿಯೇರುತ್ತದೆ. ಶೆವರ್ಲೆ ಸೇಲ್ ಕೂಡ ಅದಕ್ಕೆ ಹೊರತಲ್ಲ. ಗ್ಯಾರೇಜಿಗೆ ಹೋದರೆ ಬರುವ ಮೊದಲ ಸಲಹೆ ಬಹುತೇಕ ಒಂದೇ: ‘ಥರ್ಮೋಸ್ಟಾಟ್ ತೆಗೆದುಬಿಡೋಣ ಸಾರ್, ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ.’ ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರ್‌ಗೆ ಬಿಡುವ ಕವಾಟವೇ ಥರ್ಮೋಸ್ಟಾಟ್. ಅದು ಕೆಟ್ಟಿರಲೂಬಹುದು. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ನಿಮ್ಮದು ಯಾವ ಸೇಲ್? ಅದರ ಕೂಲಿಂಗ್ ವ್ಯವಸ್ಥೆ ಒತ್ತಡ ಹಿಡಿದಿಟ್ಟುಕೊಳ್ಳುತ್ತಿದೆಯೇ?

ಮೊದಲು ಗಾಡಿಯ ಗುರುತು

ಮೊದಲ ಪ್ರಶ್ನೆ ಕೇಳಿ ನಗಬೇಡಿ. ಸೇಲ್ ಒಂದೇ ಕಾರಲ್ಲ. ಮೊದಲ ತಲೆಮಾರಿನದು 2001ರಲ್ಲಿ ಚೀನಾದಲ್ಲಿ ಬ್ಯೂಕ್ ಹೆಸರಿನಲ್ಲಿ ಬಂತು. ಒಳಗಿದ್ದದ್ದು ಓಪೆಲ್ ಕೋರ್ಸಾ. ನಮ್ಮಲ್ಲೂ 2003ರಿಂದ ‘ಓಪೆಲ್ ಕೋರ್ಸಾ ಸೇಲ್’ ಎಂಬ ಹ್ಯಾಚ್‌ಬ್ಯಾಕ್ ಮಾರಾಟದಲ್ಲಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ಬರೀ ‘ಸೇಲ್’ ಎಂದರೆ ಆ ಕೋರ್ಸಾದ ಸಾಮಾನು ಕೈಗೆ ಬಂದರೂ ಆಶ್ಚರ್ಯವಿಲ್ಲ. ಎರಡನೇ ತಲೆಮಾರಿನ ಸೇಲ್ 2010ರಲ್ಲಿ ಚೀನಾದ ಎಸ್‌ಎಐಸಿ ಮತ್ತು ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ (ಜಿಎಂ) ಸೇರಿ ಕಟ್ಟಿದ ಶಾಂಘೈನ ಎಸ್‌ಎಐಸಿ–ಜಿಎಂ ಜಂಟಿ ಕಂಪನಿಯಿಂದ ಬಂತು. ಈ ಸಲ ವಿನ್ಯಾಸವೂ ಚೀನಾದ್ದೇ. ಅದೇ ವರ್ಷ ಚಿಲಿಗೆ ರಫ್ತು ಶುರುವಾಯಿತು, ಆಮೇಲೆ ಪೆರು. ಈಕ್ವೆಡಾರ್ ಮತ್ತು ಕೊಲಂಬಿಯಾದಲ್ಲಿ ಅಲ್ಲಿಯೇ ಜೋಡಿಸಿದರು. ಭಾರತಕ್ಕೆ ಸೇಲ್ ಯು-ವಿಎ ಹ್ಯಾಚ್‌ಬ್ಯಾಕ್ 2012ರ ಕೊನೆಯಲ್ಲಿ, ಸೆಡಾನ್ 2013ರ ಫೆಬ್ರುವರಿಯಲ್ಲಿ ಬಂದವು. 2014ರಲ್ಲಿ ಚೀನಾದಲ್ಲಿ ಮೂರನೇ ತಲೆಮಾರು ಹೊರಟಿತು. ಅದು ಭಾರತಕ್ಕೆ ಬರಲೇ ಇಲ್ಲ, ಆದರೆ ಲ್ಯಾಟಿನ್ ಅಮೆರಿಕಕ್ಕೆ ಹೋಯಿತು. ಮೆಕ್ಸಿಕೊದಲ್ಲಂತೂ 2018ರ ಮಾದರಿಯಿಂದ ಅದನ್ನೇ ‘ಅವೆಯೊ’ ಎಂದು ಮಾರಿದರು. ನಮ್ಮ ರಸ್ತೆಗಳಲ್ಲಿ 2006ರಿಂದ ಓಡಿದ ಅವೆಯೊ ಕೊರಿಯಾ ಮೂಲದ ಬೇರೆಯದೇ ಗಾಡಿ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಬಿಡಿಭಾಗ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಅಂದಿನಿಂದ ಸೇಲ್ ಮಾಲೀಕರು ಅಂತರ್ಜಾಲದಲ್ಲಿ ಚೀನಾ, ಚಿಲಿ, ಪೆರುವಿನ ಮಾರಾಟಗಾರರ ಕಡೆ ಕಣ್ಣು ಹಾಯಿಸುವುದು ಸಹಜ. ಅಲ್ಲೇ ಎಡವುವುದು. ‘ಸೇಲ್ 2016’ ಎಂದು ಹುಡುಕಿದರೆ ಸಿಗುವುದು ಮೂರನೇ ತಲೆಮಾರಿನ ರೇಡಿಯೇಟರ್ ಆಗಿರಬಹುದು. ಭಾರತದ 2016ರ ಸೇಲ್ ಎರಡನೇ ತಲೆಮಾರಿನದು. ಚಿಲಿ, ಕೊಲಂಬಿಯಾದ ಎರಡನೇ ತಲೆಮಾರಿನ ಸೇಲ್‌ನಲ್ಲಿ ಹೆಚ್ಚಾಗಿ ಇರುವುದು 1.4 ಲೀಟರ್ ಪೆಟ್ರೋಲ್. ನಮ್ಮಲ್ಲಿ ಬಂದದ್ದು 1.2 ಪೆಟ್ರೋಲ್ ಮತ್ತು 1.3 ಡೀಸೆಲ್ ಮಾತ್ರ. ವರ್ಷ ಒಂದೇ, ಹೆಸರು ಒಂದೇ, ಇಂಜಿನ್ ಬೇರೆ.

ಆದ್ದರಿಂದ ಮೊದಲು 17 ಅಕ್ಷರದ ಚಾಸಿ ನಂಬರ್ ಓದಿ. ಎಂಎ6 ಎಂದು ಶುರುವಾದರೆ ಭಾರತದಲ್ಲಿ ತಯಾರಾದದ್ದು. ಎಲ್‌ಎಸ್‌ಜಿ ಎಂದರೆ ಚೀನಾದ ಎಸ್‌ಎಐಸಿ–ಜಿಎಂ. 8ಎಲ್ ಈಕ್ವೆಡಾರ್, 9ಜಿ ಕೊಲಂಬಿಯಾ. ಹತ್ತನೇ ಅಕ್ಷರ ಸಾಮಾನ್ಯವಾಗಿ ಮಾದರಿ ವರ್ಷ: ಡಿ ಎಂದರೆ 2013, ಇ 2014, ಎಫ್ 2015, ಜಿ 2016, ಎಚ್ 2017. ಅಂಗಡಿಯವನಿಗೆ ಕಾರಿನ ಹೆಸರಿಗಿಂತ ಈ ನಂಬರನ್ನೂ, ಹಳೆಯ ಭಾಗದ ಮೇಲೆ ಅಚ್ಚಾದ ಪಾರ್ಟ್ ನಂಬರನ್ನೂ ಕೊಡಿ. ಇನ್ನೊಂದು ವಿಷಯ: ಜಿಎಂ 2024ರಲ್ಲಿ ಕೊಲಂಬಿಯಾ ಮತ್ತು ಈಕ್ವೆಡಾರ್ ಕಾರ್ಖಾನೆಗಳನ್ನೂ ಮುಚ್ಚಿತು. ಅಲ್ಲಿಂದ ಹಳೆಯ ಸೇಲ್‌ನ ಸಾಮಾನು ಸಲೀಸಾಗಿ ಬರುತ್ತಲೇ ಇರುತ್ತದೆ ಎಂದು ಕೂರಬೇಡಿ.

ಮುಚ್ಚಳ ಮತ್ತು ಒತ್ತಡ

ಕೂಲೆಂಟ್ ಕುದಿಯದೆ ಇರುವುದು ಅದು ತಣ್ಣಗಿದೆ ಎಂಬ ಕಾರಣಕ್ಕಲ್ಲ, ಒತ್ತಡದಲ್ಲಿದೆ ಎಂಬ ಕಾರಣಕ್ಕೆ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಬೇಳೆ ಬೇಯದೆ ಬರೀ ಉಗಿ ಹೋಗುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೆ. ರೇಡಿಯೇಟರಿನ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳ ಸರಿಯಾಗಿ ಸುಮಾರು 1.1 ಬಾರ್ ಒತ್ತಡ ಹಿಡಿದರೆ ಬರೀ ನೀರೂ 120 ಡಿಗ್ರಿಯವರೆಗೆ ತಾಳುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಕೂಲೆಂಟ್ ಇದ್ದರೆ ಇನ್ನೂ ಏಳೆಂಟು ಡಿಗ್ರಿ ಮೇಲೆ.

ಸೇಲ್ ಹೋದ ದೇಶಗಳನ್ನು ನೋಡಿದರೆ ಈ ಮುಚ್ಚಳದ ಬೆಲೆ ಗೊತ್ತಾಗುತ್ತದೆ. ಬೊಗೊಟಾ 2,600 ಮೀಟರ್, ಕೀಟೊ 2,850, ಪೆರುವಿನ ಕುಸ್ಕೊ 3,400. ಕುಸ್ಕೊದಲ್ಲಿ ತೆರೆದ ಪಾತ್ರೆಯ ನೀರು 89 ಡಿಗ್ರಿಗೇ ಕುದಿಯುತ್ತದೆ. ಹೆಚ್ಚಿನ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯಲು ಶುರುವಾಗುವುದೇ 82ರಿಂದ 92 ಡಿಗ್ರಿಯ ನಡುವೆ, ಪೂರ್ತಿ ತೆರೆಯಲು ಅದಕ್ಕೂ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬೇಕು. ಅಂದರೆ ಅಲ್ಲಿ ಮುಚ್ಚಳ ಸಡಿಲವಾಗಿ ಒಳಗೆ ಬರೀ ನೀರಿದ್ದರೆ, ಥರ್ಮೋಸ್ಟಾಟ್ ಪೂರ್ತಿ ಬಾಯಿ ಬಿಡುವ ಮೊದಲೇ ನೀರು ಕುದಿದು ಹೊರಗೆ ಬಂದಿರುತ್ತದೆ. ರೇಡಿಯೇಟರ್, ಪಂಪ್, ಫ್ಯಾನ್ ಎಲ್ಲ ನೆಟ್ಟಗಿದ್ದರೂ ಗಾಡಿ ‘ಹೀಟ್’. ಅದೇ ಗಾಡಿಗೆ ಒಳ್ಳೆಯ ಮುಚ್ಚಳ ಹಾಕಿದರೆ ಕುದಿಬಿಂದು 116ರ ಆಸುಪಾಸಿಗೆ ಏರುತ್ತದೆ.

ಇದು ದೂರದ ಊರಿನ ಮಾತು ಎಂದುಕೊಳ್ಳಬೇಡಿ. ಮೆಕ್ಸಿಕೊ ನಗರದ ಎತ್ತರ 2,240 ಮೀಟರ್, ನಮ್ಮ ಊಟಿಯದ್ದೂ ಹೆಚ್ಚುಕಡಿಮೆ ಅಷ್ಟೇ. ಮಸಿನಗುಡಿಯಿಂದ ಕಲ್ಹಟ್ಟಿಯ 36 ತಿರುವುಗಳನ್ನು ಮೊದಲ ಗೇರಿನಲ್ಲಿ ಹತ್ತಿ ಮೇಲೆ ಬಂದಾಗ ನೀರಿನ ಕುದಿಬಿಂದು ಸುಮಾರು 93ಕ್ಕೆ ಇಳಿದಿರುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ತಣ್ಣಗಿದ್ದ ಗಾಡಿ ಊಟಿಯಲ್ಲಿ ಉಕ್ಕಿದರೆ ಮೊದಲು ಅನುಮಾನಿಸಬೇಕಾದ್ದು ಮುಚ್ಚಳವನ್ನು.

ಪರೀಕ್ಷೆ ಹೀಗೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಕನಿಷ್ಠ ಮೂರು ಗಂಟೆ ನಿಂತಿರಬೇಕು. ಬಿಸಿ ಇರುವಾಗ ಮುಚ್ಚಳ ತೆರೆದರೆ ಒತ್ತಡ ಇಳಿದ ಕ್ಷಣದಲ್ಲೇ ಕೂಲೆಂಟ್ ಉಗಿಯಾಗಿ ಮುಖಕ್ಕೆ ಹಾರುತ್ತದೆ. ಬಟ್ಟೆ ಸುತ್ತಿ ಮೆಲ್ಲಗೆ ತೆರೆಯುತ್ತೇನೆ ಎನ್ನುವ ಧೈರ್ಯವೂ ಬೇಡ. ಮುಚ್ಚಳ ರೇಡಿಯೇಟರ್ ಮೇಲಿರಲಿ, ಎಕ್ಸ್‌ಪಾನ್ಷನ್ ಟ್ಯಾಂಕ್ ಮೇಲಿರಲಿ, ಅದು ಎಷ್ಟು ಒತ್ತಡದ್ದು ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಕೈಪಂಪಿನ ಪ್ರೆಶರ್ ಟೆಸ್ಟರ್ ಕೂರಿಸಿ ಅಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಮುಳ್ಳು ಇಳಿಯದಿದ್ದರೆ ವ್ಯವಸ್ಥೆ ಗಟ್ಟಿ. ಇಳಿದರೆ ಎಲ್ಲೋ ಸೋರುತ್ತಿದೆ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡುವ ಅಂಚು, ಹೋಸ್ ಕ್ಲಿಪ್ಪುಗಳು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಥರ್ಮೋಸ್ಟಾಟ್ ಹೌಸಿಂಗ್, ಇವನ್ನು ಟಾರ್ಚ್ ಹಾಕಿ ನೋಡಿ. ಒಣಗಿದ ಸೋರಿಕೆ ಬಿಳಿಯಾಗಿಯೋ ಬಣ್ಣದ ಪುಡಿಯಾಗಿಯೋ ಅಂಟಿರುತ್ತದೆ. ಹೊರಗೆ ಏನೂ ಕಾಣದಿದ್ದರೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಬರೀ ನೀರಿದ್ದು ವಾಸನೆ ಇಲ್ಲದಿದ್ದರೆ ಎ.ಸಿ.ಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿರಬಹುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಮೇಲೆ ಮುಚ್ಚಳವನ್ನೂ ಅಡಾಪ್ಟರ್ ಹಾಕಿ ಬೇರೆಯಾಗಿ ಪರೀಕ್ಷಿಸಿ. ಟೆಸ್ಟರ್ ಇಲ್ಲದ ಊರಲ್ಲಿ ಒಂದು ಸುಳಿವು ಇದೆ: ರಾತ್ರಿ ನಿಂತ ಗಾಡಿಯ ಮೇಲಿನ ಹೋಸ್ ಬೆಳಿಗ್ಗೆ ಚಪ್ಪಟೆಯಾಗಿ ಒಳಗೆಳೆದುಕೊಂಡಿದ್ದರೆ ಮುಚ್ಚಳದ ನಿರ್ವಾತ ವಾಲ್ವ್ ತೆರೆಯುತ್ತಿಲ್ಲ ಎಂದರ್ಥ. ಹಾಗಿದ್ದರೆ ಮುಚ್ಚಳ ಬದಲಿಸಿ. ಹೊಸದರ ಮೇಲೆ ಹಳೆಯದರ ಅಂಕಿಯೇ ಇರಬೇಕು. ಕೂರುತ್ತದೆ ಎಂದು ಬೇರೆ ಗಾಡಿಯದನ್ನು ಕೂರಿಸಬೇಡಿ.

ಬಿಸಿಯಾಗುವುದು ಯಾವಾಗ?

ಒತ್ತಡ ಸರಿಯಿದ್ದರೂ ಬಿಸಿಯಾಗುತ್ತಿದ್ದರೆ ಗಾಡಿ ಓಡಿಸುವವರನ್ನು ಕೇಳಿ: ಎಲ್ಲಿ, ಯಾವಾಗ? ಅರ್ಧ ರೋಗ ಈ ಉತ್ತರದಲ್ಲೇ ಸಿಗುತ್ತದೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಿಸಿಯಾಗಿ, ತುಮಕೂರು ರಸ್ತೆಗೆ ಬಂದ ಮೇಲೆ ತಣ್ಣಗಾಗುತ್ತದೆ ಎಂದರೆ ಗಾಳಿಯ ಕೊರತೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ. ಎ.ಸಿ. ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಅದಕ್ಕೂ ಜಗ್ಗದಿದ್ದರೆ ಕನೆಕ್ಟರ್ ಬಿಚ್ಚಿ ಫ್ಯೂಸ್ ಇರುವ ವೈರಿನಿಂದ ಫ್ಯಾನಿಗೆ ಬ್ಯಾಟರಿಯ ಕರೆಂಟ್ ನೇರ ಕೊಡಿ. ಆಗ ತಿರುಗಿದರೆ ಮೋಟಾರ್ ಚೆನ್ನಾಗಿದೆ, ದೋಷ ವೈರಿಂಗಿನಲ್ಲಿ ಅಥವಾ ಅರ್ಥ್‌ನಲ್ಲಿ. ತಿರುಗದಿದ್ದರೆ ಮೋಟಾರ್ ಹೋಗಿದೆ. ಕೈ ಬೆರಳು ಜೋಪಾನ, ಇಗ್ನಿಷನ್ ಆಫ್ ಮಾಡಿದ ಮೇಲೂ ಫ್ಯಾನ್ ತಟ್ಟನೆ ಶುರುವಾಗಬಹುದು.

ಫ್ಯಾನ್ ತಿರುಗಿಯೂ ಸಿಗ್ನಲ್‌ನಲ್ಲಿ ಬಿಸಿ ಎಂದರೆ ರೇಡಿಯೇಟರ್ ಮತ್ತು ಅದರ ಮುಂದಿನ ಎ.ಸಿ. ಕಂಡೆನ್ಸರ್ ನಡುವೆ ಇಣುಕಿ. ಕೆಂಪು ಧೂಳು, ಹುಳು, ಎಲೆ ಸೇರಿ ಅಲ್ಲಿ ಒಂದು ಕಂಬಳಿಯೇ ಆಗಿರುತ್ತದೆ. ಹೊರಗಿನಿಂದ ಕಂಡೆನ್ಸರ್ ಫಳಫಳ ಹೊಳೆಯುತ್ತಿದ್ದರೂ ಹಿಂದೆ ಕಟ್ಟಿಕೊಂಡಿರಬಹುದು. ನೀರು ಬಿಡುವುದು ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ವಾಟರ್ ಸರ್ವಿಸ್‌ನ ಜೆಟ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇದರ ತಿರುವುಮುರುವು ಲಕ್ಷಣವೂ ಇದೆ: ಊರಲ್ಲಿ ಸರಿ, ಶಿರಾಡಿ ಘಾಟಿ ಹತ್ತುವಾಗ ಅಥವಾ ಹೈವೇಯಲ್ಲಿ ನೂರರ ವೇಗದಲ್ಲಿ ಬಿಸಿ. ಇಲ್ಲಿ ಗಾಳಿ ಇದೆ, ನೀರಿನ ಹರಿವು ಸಾಲದು. ಇಂಜಿನ್ ಬಿಸಿಯಿದ್ದಾಗ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಮೇಲೆ ಅಲ್ಲಲ್ಲಿ ಅಳೆಯಿರಿ. ಒಳಹೋಗುವ ಕಡೆಯಿಂದ ಹೊರಬರುವ ಕಡೆಗೆ ಉಷ್ಣತೆ ಸಮನಾಗಿ ಇಳಿಯುತ್ತ ಹೋಗಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿಯ ಕೊಳವೆಗಳು ಕಟ್ಟಿಕೊಂಡಿವೆ. ಇದರ ಮೂಲ ಹೆಚ್ಚಾಗಿ ಬೋರ್‌ವೆಲ್ ನೀರು. ಕೋಲಾರ, ವಿಜಯಪುರದ ಕಡೆಯ ಗಡಸು ನೀರನ್ನು ವರ್ಷಗಟ್ಟಲೆ ಟಾಪ್ ಅಪ್ ಮಾಡಿದ ರೇಡಿಯೇಟರ್ ಒಳಗೆ ಸುಣ್ಣ ಕಟ್ಟದೆ ಇನ್ನೇನಾಗುತ್ತದೆ? ರಾಸಾಯನಿಕ ಹಾಕಿ ತೊಳೆಸುವುದಕ್ಕಿಂತ, ಹಣ ಇದ್ದರೆ, ಹೊಸ ರೇಡಿಯೇಟರ್ ಹಾಕಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ತೊಳೆದಾಗ ಎದ್ದ ಹಕ್ಕಳೆ ಹೋಗಿ ಹೀಟರ್ ಕೋರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹರಿವು ಕಡಿಮೆಯಾಗಲು ಇನ್ನೆರಡು ಕಾರಣಗಳುಂಟು. ಕೆಳಗಿನ ಹೋಸ್ ಹಳತಾಗಿ ಮೆತ್ತಗಾದರೆ ಇಂಜಿನ್ ವೇಗ ಏರಿದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಬಾನೆಟ್ ತೆರೆದು ಒಬ್ಬರು ಆಕ್ಸಿಲರೇಟರ್ ಒತ್ತಿದರೆ ಇನ್ನೊಬ್ಬರಿಗೆ ಕಾಣುತ್ತದೆ. ವಾಟರ್ ಪಂಪಿನ ರೆಕ್ಕೆ ಸವೆದಿರುವುದು ಮಾತ್ರ ಬಿಚ್ಚದೆ ಕಾಣುವುದಿಲ್ಲ. ಅದನ್ನು ಕೊನೆಗಿಟ್ಟುಕೊಳ್ಳಿ.

ಈಗ ಥರ್ಮೋಸ್ಟಾಟ್

ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ಗೆ ಹೋಗುವ ಹೋಸಿನ ಮೇಲೆ ಕೈ ಇಡಿ. ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಥಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆ. ಇಂಜಿನ್ 105 ದಾಟಿದರೂ ರೇಡಿಯೇಟರ್ ಕಡೆ ತಣ್ಣಗಿದ್ದರೆ ಅದು ಮುಚ್ಚಿಕೊಂಡೇ ಕೂತಿದೆ. ಸ್ಟಾರ್ಟ್ ಮಾಡಿದಾಗಿನಿಂದಲೇ ಹೋಸ್ ನಿಧಾನವಾಗಿ ಬೆಚ್ಚಗಾಗುತ್ತ ಬಂದರೆ ತೆರೆದೇ ನಿಂತಿದೆ, ಅಥವಾ ಹಿಂದಿನವರು ಯಾರೋ ಕಿತ್ತುಹಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಸೇಲ್ ಕೊಂಡವರು ಈ ಎರಡನೆಯದನ್ನು ಮರೆಯಬಾರದು.

ಕಿತ್ತುಹಾಕಿದರೆ ಏನು ನಷ್ಟ? ಇಂಜಿನ್ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಅದು ಇನ್ನೂ ತಣ್ಣಗಿದೆ ಎಂದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ನಷ್ಟ. ಗೊತ್ತಿಲ್ಲದ್ದು ಇನ್ನೊಂದಿದೆ. ಕೆಲವು ಬಗೆಯ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಬದಿಯ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಇಂಜಿನ್‌ಗೆ ಮರಳುತ್ತದೆ. ಘಾಟಿಯಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಬಿಸಿಯಾಗಲು ಅಷ್ಟು ಸಾಕು.

ಸ್ಕ್ಯಾನರ್ ಹೇಳುವುದು

ಡ್ಯಾಶ್‌ಬೋರ್ಡಿನ ಮುಳ್ಳನ್ನೋ ದೀಪವನ್ನೋ ನಂಬಿ ಇಂಜಿನ್ ಬಿಚ್ಚಬೇಡಿ. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಉಷ್ಣತೆ, ದೋಷದ ಕೋಡ್ ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಕೂಲೆಂಟ್ ಉಷ್ಣತೆ ಮತ್ತು ಒಳಬರುವ ಗಾಳಿಯ ಉಷ್ಣತೆ ಎರಡನ್ನೂ ಓದಿ. ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ ಮೈನಸ್ 40 ತೋರಿಸಿದರೆ ಸೆನ್ಸರ್ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಬಿಟ್ಟಿದೆ. ತಣ್ಣಗಿರುವಾಗಲೇ 130 ದಾಟಿದ ಲೆಕ್ಕ ಬಂದರೆ ಶಾರ್ಟ್. ಪಿ0117, ಪಿ0118 ಎಂಬ ಕೋಡ್‌ಗಳು ಇದೇ ಸರ್ಕ್ಯೂಟಿನವು. ಪಿ0128 ಬಂದರೆ ಇಂಜಿನ್ ಬೇಕಾದಷ್ಟು ಬೆಚ್ಚಗಾಗುತ್ತಿಲ್ಲ. ಥರ್ಮೋಸ್ಟಾಟ್ ತೆರೆದು ನಿಂತಿರುವ ಅಥವಾ ಇಲ್ಲದೇ ಇರುವ ಗುರುತು. ಪಿ0480 ಫ್ಯಾನ್ ನಿಯಂತ್ರಣದ್ದು. ಪಿ0217 ಮಾತ್ರ ಇಂಜಿನ್ ನಿಜವಾಗಿಯೂ ಮಿತಿ ಮೀರಿ ಬಿಸಿಯಾಗಿದೆ ಎಂದು ಹೇಳುತ್ತದೆ. ಆ ಕೋಡ್ ಕಂಡ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗದೆ ಟೋ ಮಾಡಿಸಿ.

ಹೆಡ್ ಗ್ಯಾಸ್ಕೆಟ್ ಅನುಮಾನ

ಇಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲೇ ಹೆಡ್ ಗ್ಯಾಸ್ಕೆಟ್. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ನೀರು ಇನ್ನೂ ಬಿಸಿಯಾಗಿಲ್ಲದಿದ್ದರೂ, ಒಳಗೆ ಸಿಲಿಂಡರಿನ ಗ್ಯಾಸ್ ನುಗ್ಗುತ್ತಿದೆ. ಬ್ಲಾಕ್ ಟೆಸ್ಟರ್ ಎಂಬ ನೀಲಿ ದ್ರವದ ಕೊಳವೆ ಇದಕ್ಕೆಂದೇ ಇದೆ. ಕೂಲೆಂಟ್ ಮೇಲಿನ ಗಾಳಿಯನ್ನು ಅದರ ಮೂಲಕ ಎಳೆದಾಗ ನೀಲಿ ಹಳದಿಗೆ ತಿರುಗಿದರೆ ಕಾರ್ಬನ್ ಡೈಆಕ್ಸೈಡ್ ಇದೆ. ಡೀಸೆಲ್‌ನಲ್ಲಿ ಐಡಲ್ ಇರುವಾಗ ಆ ಅನಿಲ ಕಡಿಮೆ, ಹಾಗಾಗಿ ಬಣ್ಣ ಮಾಸಲಾಗಿಯೇ ಬದಲಾಗಬಹುದು. ಸ್ವಲ್ಪ ವೇಗ ಏರಿಸಿ ಮತ್ತೆ ನೋಡಿ.

ಆಯಿಲ್ ಮುಚ್ಚಳದ ಅಡಿಯಲ್ಲಿ ಕಾಫಿ ಬಣ್ಣದ ಕೆನೆ ಕಂಡ ಮಾತ್ರಕ್ಕೆ ಹೆಡ್ ಇಳಿಸಬೇಡಿ. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಮಳೆಗಾಲದ ತೇವಕ್ಕೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆಸಿದಂತಿದ್ದರೆ ಆಗ ಮಾತು ಬೇರೆ. ಪೆಟ್ರೋಲ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ಮೂರು ಕಂದಾಗಿದ್ದು ಒಂದು ಮಾತ್ರ ಉಗಿಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಹೆಡ್ ಇಳಿಸಿದ ಮೇಲೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಕೂರಿಸಲು ಬಿಡಬೇಡಿ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗಿರುತ್ತದೆ. ನೇರ ಪಟ್ಟಿ, ಫೀಲರ್ ಗೇಜ್ ಇಟ್ಟು ಅಳೆಸಿ, ಬೇಕಾದರೆ ಲೇತ್ ಶಾಪಿನಲ್ಲಿ ಫೇಸಿಂಗ್ ಮಾಡಿಸಿ.

ಡೀಸೆಲ್ ಸೇಲ್ ಇದ್ದವರಿಗೆ

1.3 ಡೀಸೆಲ್‌ಗೆ ಚೀನಾದ ನಂಟಿಲ್ಲ. ಅದು ಫಿಯಟ್ ಮತ್ತು ಜಿಎಂ ಒಟ್ಟಾಗಿ ರೂಪಿಸಿ 2003ರಲ್ಲಿ ಹೊರತಂದ 1248 ಸಿಸಿ ಮಲ್ಟಿಜೆಟ್. ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಊರೂರಿನಲ್ಲೂ ಓಡಿದ್ದು ಇದೇ. ಹಾಗಾಗಿ ಇಂಜಿನ್ ಒಳಗಿನ ಭಾಗಗಳ ಮಟ್ಟಿಗೆ ಡೀಸೆಲ್ ಸೇಲ್ ಮಾಲೀಕರು ಪುಣ್ಯವಂತರು. ಚಿಕ್ಕ ಊರಿನ ಮೆಕ್ಯಾನಿಕ್‌ಗೂ ಈ ಇಂಜಿನ್ ಕೈಪಳಗಿದೆ. ಆದರೆ ಇಂಜಿನ್ ಸುತ್ತಲಿನ ಹೋಸ್, ಹೌಸಿಂಗ್, ಮೌಂಟಿಂಗ್‌ಗಳು ಕಾರಿನಿಂದ ಕಾರಿಗೆ ಬೇರೆ. ಸ್ವಿಫ್ಟ್‌ನದು ತಂದರೆ ಹಳೆಯದರ ಪಕ್ಕ ಇಟ್ಟು ಹೋಲಿಸಿಯೇ ಹಣ ಕೊಡಿ. ಕೂಲೆಂಟ್‌ನಲ್ಲಿ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಎಂದು ನಿರ್ಧರಿಸುವ ಮುನ್ನ ಆಯಿಲ್ ಕೂಲರ್ ಪರೀಕ್ಷಿಸಿ. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತ ಬಿಳಿ ಹೊಗೆ ಬಂದರೆ ಇಂಜಿನ್‌ಗೆ ಮರಳಿಸುವ ಹೊಗೆಯನ್ನು ತಣ್ಣಗಾಗಿಸುವ ಇಜಿಆರ್ ಕೂಲರ್ ಕೂಡ ಅನುಮಾನದ ಪಟ್ಟಿಯಲ್ಲಿರಲಿ.

ಕೂಲೆಂಟ್ ತುಂಬುವಾಗ

ರಿಪೇರಿ ಸರಿಯಾಗಿ ಆಗಿದ್ದೂ ಗಾಡಿ ಮತ್ತೆ ಬಿಸಿಯಾಗಲು ಸಾಮಾನ್ಯ ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ. ಗಾಡಿಯ ಮೂತಿ ಮೇಲಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಒಳಗಿನ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ಸಡಿಲವಾಗಿಡಿ. ಕೂಲೆಂಟ್ ಆರಿಸುವಾಗ ಬಣ್ಣ ನೋಡಬೇಡಿ, ಡಬ್ಬದ ಮೇಲೆ ಬರೆದ ಗುಣಮಟ್ಟ ನೋಡಿ. ಹಸಿರು, ಕಿತ್ತಳೆ, ಗುಲಾಬಿ ಎಲ್ಲ ಬರೀ ಬಣ್ಣ. ಬಗೆ ಬೇರೆಯಾದ ಎರಡನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಕೆಸರೂ ಕಟ್ಟುತ್ತದೆ. ಹಾಗಾಗಿ ಹಳೆಯದನ್ನು ಪೂರ್ತಿ ಖಾಲಿ ಮಾಡಿಸಿ. ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ, ರೆಡಿಮಿಕ್ಸ್ ಆದರೆ ನೀರು ಬೆರೆಸಲೇಬೇಡಿ.

ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಆರಲು ಬಿಡಿ. ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮಟ್ಟ ನೋಡಿ. ಗಾಳಿ ಹೊರಬಿದ್ದಿರುವುದರಿಂದ ಮೊದಲ ದಿನ ಸ್ವಲ್ಪ ಇಳಿದಿರುತ್ತದೆ, ಗೆರೆಯವರೆಗೆ ತುಂಬಿಸಿ. ಒಂದು ವಾರ ಬಿಟ್ಟು ಮತ್ತೆ ಇಳಿದಿದ್ದರೆ ಅದು ಗಾಳಿಯಲ್ಲ, ಸೋರಿಕೆ. ಪ್ರೆಶರ್ ಟೆಸ್ಟರ್ ಮತ್ತೆ ಕೂರಿಸಿ.